ಮಕ್ಕಳ ಆಟಿಕೆಯಲ್ಲಿ ತಿರುಗಿದ ಲೆನ್ಸ್: ಓಟೊ ವಿಖ್ಟರ್ಲೆ

ನಮ್ಮ ಕ್ಲಾಸಲ್ಲೇ ಎಷ್ಟೋ ಜನ ಸಾಫ್ಟ್ ಕಾಂಟ್ಯಾಕ್ಟ್ ಲೆನ್ಸ್ ಹಾಕ್ತಾರೆ. ಅದನ್ನು ಮಾಡಿದವನ ಹೆಸರು ಕೇಳಿದರೆ ಮಾತ್ರ ಯಾರಿಗೂ ಗೊತ್ತಿಲ್ಲ. ಅವನು ಓಟೊ ವಿಖ್ಟರ್ಲೆ, ಜೆಕ್ ದೇಶದ ರಸಾಯನ ವಿಜ್ಞಾನಿ. ನಾವೆಲ್ಲ ಹುಟ್ಟೋ ಮೊದಲೇ ತೀರಿಹೋದ.

ಹುಟ್ಟಿದ್ದು 1913ರ ಅಕ್ಟೋಬರ್ 27ರಂದು, ಮೊರೇವಿಯಾದ ಪ್ರೊಸ್ಟೆಯೊವ್ ಊರಿನಲ್ಲಿ. ಅಪ್ಪ ಬೇಸಾಯದ ಯಂತ್ರ ಮಾಡುವ ಕಾರ್ಖಾನೆಯ ಪಾಲುದಾರ. ಮಗ ಪ್ರಾಗ್‌ನಲ್ಲಿ ಕೆಮಿಸ್ಟ್ರಿ ಓದಿದ. 1939ರಲ್ಲಿ ನಾಜಿಗಳು ವಿಶ್ವವಿದ್ಯಾಲಯಗಳಿಗೆ ಬೀಗ ಹಾಕಿದಾಗ ಜ್ಲಿನ್ ಪಟ್ಟಣದ ಬಾಟಾ ಕಂಪನಿ ಸೇರಿದ. ಹೌದು, ನಾವು ಸ್ಕೂಲಿಗೆ ಹಾಕ್ಕೊಂಡು ಹೋಗ್ತಿದ್ದ ಶೂಗಳ ಅದೇ ಬಾಟಾ! ಅಲ್ಲಿ ನೈಲಾನ್ ಜಾತಿಯ ಸಿಲಾನ್ ಎಂಬ ನೂಲು ಕಂಡುಹಿಡಿದ. 1942ರಲ್ಲಿ ಗೆಸ್ಟಾಪೊ ಪೊಲೀಸರು ಕೆಲವು ತಿಂಗಳು ಜೈಲಿಗೂ ಹಾಕಿದರು.

ಯುದ್ಧ ಮುಗಿದ ಮೇಲೆ ಮತ್ತೆ ಪಾಠ, ಸಂಶೋಧನೆ. 1952ರಲ್ಲಿ ಒಂದು ರೈಲು ಪ್ರಯಾಣ. ಪಕ್ಕದಲ್ಲಿ ಕೂತವನು ಕಣ್ಣಿನೊಳಗೆ ಲೋಹದ ಭಾಗ ಕೂರಿಸುವ ಬಗ್ಗೆ ಲೇಖನ ಓದ್ತಿದ್ದ. ಮೈಗೆ ಒಗ್ಗುವಂಥ ಪ್ಲಾಸ್ಟಿಕ್ಕನ್ನೇ ಯಾಕೆ ಮಾಡಬಾರದು ಅಂತ ವಿಖ್ಟರ್ಲೆಗೆ ಅಲ್ಲೇ ಹೊಳೆಯಿತು. ಜೊತೆಗಾರ ದ್ರಾಹೊಸ್ಲಾವ್ ಲೀಮ್ ಜೊತೆ ಸೇರಿ ಹೆಮಾ ಎಂಬ ರಾಸಾಯನಿಕದಿಂದ ಒಂದು ಜೆಲ್ ಮಾಡಿದ. ತೂಕದ ಸುಮಾರು 40% ನೀರನ್ನೇ ಕುಡಿದು ಮೆತ್ತಗಾಗುತ್ತೆ, ಆದರೂ ಗಾಜಿನಷ್ಟು ತಿಳಿ.

ಆಗ ಇದ್ದ ಲೆನ್ಸ್‌ಗಳೆಲ್ಲ ಗಟ್ಟಿ ಪ್ಲಾಸ್ಟಿಕ್. ಕಣ್ಣಿನ ಕರಿಗುಡ್ಡೆಯ ಮುಂದಿನ ತಿಳಿಪೊರೆ ಕಾರ್ನಿಯಾ. ಅದರಲ್ಲಿ ರಕ್ತನಾಳ ಇಲ್ಲ, ಆಮ್ಲಜನಕಕ್ಕೆ ಹೆಚ್ಚಾಗಿ ಗಾಳಿಯೇ ಗತಿ. ಆ ಪ್ಲಾಸ್ಟಿಕ್ ಅದನ್ನು ಬಿಡುತ್ತಿರಲಿಲ್ಲ. ಲೆನ್ಸ್ ಚಿಕ್ಕದು ಬೇರೆ, ರೆಪ್ಪೆ ಬಡಿದಾಗಲೆಲ್ಲ ಜಾರೋದು, ಧೂಳು ಅಡಿಗೆ ನುಗ್ಗೋದು. ನಮ್ಮ ಕ್ಯಾತನಹಳ್ಳಿ ರೋಡಲ್ಲಿ ಕಬ್ಬಿನ ಲಾರಿ ಹಿಂದೆ ಬೈಕಲ್ಲಿ ಹೋದವರಿಗೆ ಕಣ್ಣಿಗೆ ಕಸ ಬೀಳೋದು ಅಂದ್ರೇನು ಅಂತ ಹೇಳಬೇಕಾಗಿಲ್ಲ.

ಹಾಗಾದರೆ ಜೆಲ್ ಸಿಕ್ಕಿತು, ಲೆನ್ಸ್ ಆಯ್ತು ಅಂತಲ್ಲ. ಕಷ್ಟ ಇದ್ದದ್ದೇ ಇಲ್ಲಿ. ಆಲೆಮನೆಯಲ್ಲಿ ಅಚ್ಚಿನಿಂದ ಬೆಲ್ಲ ತೆಗೆಯೋದು ನೋಡಿದ್ದೀರಾ? ಸ್ವಲ್ಪ ಅವಸರ ಮಾಡಿದರೆ ಅಂಚು ಮುಕ್ಕಾಗುತ್ತೆ. ವಿಖ್ಟರ್ಲೆಯ ಲೆನ್ಸ್‌ಗೂ ಅದೇ ಗತಿ. ಎರಡು ಅಚ್ಚಿನ ನಡುವೆ ಎರಕ ಹೊಯ್ದು ಬಿಡಿಸುವಾಗ ಅಂಚು ಹರಿಯುತ್ತಿತ್ತು. ಹರಿದ ಅಂಚಿನ ಲೆನ್ಸ್ ಕಣ್ಣಲ್ಲಿ ಚುಚ್ಚುತ್ತೆ.

ಅಷ್ಟರಲ್ಲಿ, 1958ರಲ್ಲಿ, ಕಮ್ಯುನಿಸ್ಟ್ ಸರ್ಕಾರ ರಾಜಕೀಯ ಕಾರಣಕ್ಕೆ ಅವನನ್ನು ಕಾಲೇಜಿನಿಂದ ತೆಗೆದುಹಾಕಿತ್ತು. ಆಮೇಲೆ ಹೊಸ ಸಂಶೋಧನಾ ಸಂಸ್ಥೆಯ ಹೊಣೆ ಕೊಟ್ಟರೂ ಲೆನ್ಸ್ ಕೆಲಸ ನಡೆದದ್ದು ಮನೆಯಲ್ಲಿ. 1961ರ ಕ್ರಿಸ್ಮಸ್. ಮಕ್ಕಳ ಮರ್ಕುರ್ ಎಂಬ ಲೋಹದ ಜೋಡಣೆ ಆಟಿಕೆ, ಮಗನ ಸೈಕಲ್ ಡೈನಮೊ, ಕಾಲಿಂಗ್ ಬೆಲ್ಲಿನ ಟ್ರಾನ್ಸ್‌ಫಾರ್ಮರ್. ಅಡುಗೆಮನೆ ಮೇಜಿನ ಮೇಲೆ ಹೆಂಡತಿ ಲಿಂಡಾ ಜೊತೆ ಕೂತು ಒಂದೇ ಅಚ್ಚಿಗೆ ದ್ರವ ಹಾಕಿ ಗಿರ್ರನೆ ತಿರುಗಿಸಿದ. ನಾಲ್ಕು ಲೆನ್ಸ್ ಬಂದವು. ತನ್ನ ಕಣ್ಣಿಗೇ ಹಾಕಿಕೊಂಡು ನೋಡಿದ: ಪವರ್ ತಪ್ಪು, ಆದರೆ ಚುಚ್ಚಲಿಲ್ಲ!

ಇದನ್ನು ಬರೀ ಜುಗಾಡ್ ಅನ್ನೋದು ನನಗೆ ಒಪ್ಪಿಗೆ ಇಲ್ಲ. ಫ್ಲೂಯಿಡ್ ಮೆಕ್ಯಾನಿಕ್ಸ್‌ನಲ್ಲಿ ಫೋರ್ಸ್ಡ್ ವೋರ್ಟೆಕ್ಸ್ ಓದಿದ್ದೀವಲ್ಲ, ತಿರುಗುವ ದ್ರವದ ಮೇಲ್ಮೈ ಪ್ಯಾರಾಬೊಲಾಯ್ಡ್ ಆಗುತ್ತೆ, ಗುಂಡಿಯ ಆಳ ವೇಗದ ವರ್ಗಕ್ಕೆ ತಕ್ಕಂತೆ ಹೆಚ್ಚುತ್ತೆ ಅಂತ. ಅದೇ ಇದು. ಲೆನ್ಸಿನ ಹೊರಮೈಗೆ ಅಚ್ಚಿನ ಆಕಾರ, ಕಣ್ಣಿಗೆ ತಾಗುವ ಒಳಮೈಗೆ ಸುತ್ತುವ ವೇಗ ಮತ್ತು ಸರ್ಫೇಸ್ ಟೆನ್ಷನ್ ಕೊಟ್ಟ ಆಕಾರ. ಎರಡನೇ ಅಚ್ಚೇ ಇಲ್ಲ, ಆದ್ದರಿಂದ ಅಂಚು ತೆಳ್ಳಗೆ, ನುಣ್ಣಗೆ. ವೇಗ ಬದಲಿಸಿದರೆ ಪವರ್ ಬದಲು. ಕಾರ್ನಿಯಾಕ್ಕಿಂತ ಅಗಲವಾಗಿ ಬಿಳಿಗುಡ್ಡೆವರೆಗೂ ಹೊದ್ದುಕೊಳ್ಳುವುದರಿಂದ ಜಾರಾಟ ಕಡಿಮೆ, ನೋಟ ಅಲುಗಲ್ಲ.

ಹೀಗೆ ಹೊದ್ದುಕೊಳ್ಳುವುದರಲ್ಲೇ ಒಂದು ತೊಡಕೂ ಇದೆ. ಕಾರ್ನಿಯಾ ಸೊಟ್ಟಗಿದ್ದರೆ ಮೆತ್ತನೆ ಲೆನ್ಸೂ ಹಾಗೇ ಸೊಟ್ಟಗಾಗುತ್ತೆ. ಚೀಟಿಯಲ್ಲಿ ಸಿಲಿಂಡರ್ ಪವರ್ ಇರುವವರಿಗೆ ಮುಂದೆ ಟೋರಿಕ್ ಲೆನ್ಸ್ ಬಂದದ್ದು ಅದಕ್ಕೇ. ಅದು ಕಣ್ಣಲ್ಲಿ 10 ಡಿಗ್ರಿ ತಿರುಗಿದರೆ ಸಿಲಿಂಡರ್ ತಿದ್ದುಪಡಿಯ ಮೂರನೇ ಒಂದು ಪಾಲು ಹೋಯ್ತು, 30 ಡಿಗ್ರಿ ತಿರುಗಿದರೆ ಪೂರ್ತಿ ವ್ಯರ್ಥ. ತಿರುಗದಿರಲಿ ಅಂತ ಕೆಳಭಾಗ ದಪ್ಪ ಮಾಡ್ತಾರೆ, ಇಲ್ಲವೇ ರೆಪ್ಪೆ ಬಡಿತವೇ ಅದನ್ನು ನೆಟ್ಟಗೆ ನಿಲ್ಲಿಸುವಂತೆ ದಪ್ಪ-ತೆಳು ಹಂಚುತ್ತಾರೆ. ಯಾವುದನ್ನು ತಿರುಗಿಸಿ ಲೆನ್ಸ್ ಮಾಡಿದನೋ, ಅದನ್ನು ತಿರುಗದಂತೆ ನಿಲ್ಲಿಸೋದೇ ಮುಂದಿನವರ ತಲೆನೋವಾಯ್ತು.

ಡೈನಮೊ ಸಾಲದೆ ಗ್ರಾಮೊಫೋನಿನ ಮೋಟರ್ ಬಂತು. 1962ರ ಮೊದಲ ನಾಲ್ಕು ತಿಂಗಳಲ್ಲಿ ಗಂಡ ಹೆಂಡತಿ ಸೇರಿ 5,500 ಲೆನ್ಸ್ ಮಾಡಿದರು. ಪೇಟೆಂಟ್ ಹಕ್ಕನ್ನು ಸರ್ಕಾರ ಅಮೆರಿಕದ ಕಂಪನಿಗೆ ಮಾರಿತು, ಅಲ್ಲಿಂದ ಅದು ಬಾಶ್ ಅಂಡ್ ಲಾಂಬ್ ಕೈಗೆ ಹೋಯ್ತು. 1971ರಲ್ಲಿ ಅಮೆರಿಕದಲ್ಲಿ ಮಾರಾಟಕ್ಕೆ ಒಪ್ಪಿಗೆ ಸಿಕ್ಕಿತು. ಆ ಕಂಪನಿಗಳು ಗಳಿಸಿದ್ದರ ಮುಂದೆ ವಿಖ್ಟರ್ಲೆಗೆ ಬಂದದ್ದು ಪುಡಿಗಾಸು. ಅಷ್ಟು ಹೊತ್ತಿಗೆ ಅವನು ನಿರ್ದೇಶಕನೂ ಆಗಿರಲಿಲ್ಲ: 1968ರಲ್ಲಿ ಸುಧಾರಣೆ ಕೇಳಿದ ಮನವಿಗೆ ಸಹಿ ಹಾಕಿದ್ದಕ್ಕೆ 1970ರಲ್ಲಿ ಹುದ್ದೆಯಿಂದ ಇಳಿಸಿದ್ದರು.

ಇಪ್ಪತ್ತು ವರ್ಷ ಹಾಗೇ ಕಳೆಯಿತು. ಸರ್ಕಾರ ಉರುಳಿದ ಮೇಲೆ, 1990ರಲ್ಲಿ, ಅದೇ ದೇಶದ ವಿಜ್ಞಾನ ಅಕಾಡೆಮಿಗೆ ಅವನನ್ನೇ ಅಧ್ಯಕ್ಷನನ್ನಾಗಿ ಮಾಡಿದರು. ಆಗ ವಯಸ್ಸು 76. 1998ರ ಆಗಸ್ಟ್ 18ರಂದು ಮೊರೇವಿಯಾದ ಸ್ಟ್ರಾಜಿಸ್ಕೊ ಹಳ್ಳಿಯಲ್ಲಿ ತೀರಿಕೊಂಡ.