ಪುಸ್ತಕದ ಗಂಟು ಹೊತ್ತ ಕಾದಂಬರಿಕಾರ ಗಳಗನಾಥರು

ವರದಾ ನದಿಯು ತುಂಗಭದ್ರೆಯನ್ನು ಕೂಡುವಲ್ಲಿ ಗಳಗನಾಥವೆಂಬ ಚಿಕ್ಕ ಊರಿದೆ. ಇಂದು ಅದು ಹಾವೇರಿ ಜಿಲ್ಲೆಗೆ ಸೇರಿದ್ದು. ಆ ಜಿಲ್ಲೆ ಆದದ್ದು ೧೯೯೭ರಲ್ಲಿ. ಅದಕ್ಕೂ ಮೊದಲು ಧಾರವಾಡ ಜಿಲ್ಲೆ. ಬ್ರಿಟಿಷರ ಆಳಿಕೆಯಲ್ಲಿ ಅದೂ ನಮ್ಮ ಸೊಲ್ಲಾಪುರದ ಹಾಗೆಯೇ ಮುಂಬಯಿ ಇಲಾಖೆಯ ಸೀಮೆ. ಊರಿನ ಹೊಳೆದಂಡೆಯ ಮೇಲೆ ಚಾಲುಕ್ಯರ ಕಾಲದ ಗಳಗೇಶ್ವರ ದೇವಾಲಯವಿದೆ. ಅದರ ತಳವನ್ನು ಮೆಟ್ಟಿಲು ಮೆಟ್ಟಿಲಾಗಿ ಹೊರಕ್ಕೆ ಚಾಚಿ, ಮೇಲಿನ ಗೋಡೆಗಳಿಗೆ ಆಧಾರ ಕೊಟ್ಟು ಕಟ್ಟಿದ್ದಾರೆ. ಶಿಲ್ಪ ಬಲ್ಲವರು ಈ ಊರನ್ನು ಆ ಗುಡಿಯಿಂದ ಗುರುತಿಸುತ್ತಾರೆ. ಕನ್ನಡ ಓದುವವರು ಗುರುತಿಸುವದು ಒಬ್ಬ ಮನುಷ್ಯನಿಂದ.

೧೮೬೯ನೆಯ ಇಸವಿಯ ಜನವರಿ ೫ರಂದು ಅಲ್ಲಿ ಹುಟ್ಟಿದ ವೆಂಕಟೇಶ ತಿರಕೋ ಕುಲಕರ್ಣಿಯವರೇ ಆ ಮನುಷ್ಯರು. ತಮ್ಮ ಹೆಸರು, ತಂದೆಯ ಹೆಸರು, ಅಡ್ಡಹೆಸರು ಎಂದು ಬರೆಯುವ ರೂಢಿ ನಮ್ಮ ಹಾಜರಿ ಪುಸ್ತಕದಲ್ಲಿಯೂ ಇರುವದರಿಂದ ನಮ್ಮ ವಿದ್ಯಾರ್ಥಿಗಳಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಆದರೆ ಕನ್ನಡಿಗರು ಇಷ್ಟುದ್ದದ ಹೆಸರನ್ನು ಇಟ್ಟುಕೊಳ್ಳಲಿಲ್ಲ. ಊರ ಹೆಸರನ್ನೇ ಅವರ ಹೆಸರು ಮಾಡಿ ಗಳಗನಾಥರು ಎಂದು ಕರೆದರು.

ಅವರು ಬೆಳೆದ ಕಾಲವನ್ನು ತುಸು ನೋಡೋಣ. ಮುಂಬಯಿ ಇಲಾಖೆಯ ಕನ್ನಡ ಜಿಲ್ಲೆಗಳಲ್ಲಿ ಆಗ ಮರಾಠಿಯದೇ ಮೇಲುಗೈ. ಓದುಬರಹ ಕಲಿತ ಕನ್ನಡಿಗರು ಕೂಡ ಕಥೆ ಓದಬೇಕೆಂದರೆ ಮರಾಠಿ ಪುಸ್ತಕ ಹಿಡಿಯುತ್ತಿದ್ದರು. ಪತ್ರ ಬರೆದರೆ ಮೋಡಿ ಲಿಪಿ. ಇದರಲ್ಲಿ ಮರಾಠಿಯ ದೋಷವೇನೂ ಇಲ್ಲ. ಓದಲು ಕನ್ನಡದಲ್ಲಿ ರುಚಿಯಾದದ್ದು ಸಾಕಷ್ಟು ಇರಲಿಲ್ಲ, ಅಷ್ಟೆ. ೧೮೯೦ರಲ್ಲಿ ಧಾರವಾಡದಲ್ಲಿ ರಾ. ಹ. ದೇಶಪಾಂಡೆಯವರ ಮುಂದಾಳುತನದಲ್ಲಿ ಕರ್ನಾಟಕ ವಿದ್ಯಾವರ್ಧಕ ಸಂಘ ಹುಟ್ಟಿತು. ಕನ್ನಡದಲ್ಲಿ ಪುಸ್ತಕ ಬರೆಸುವದು, ಬರೆದವರಿಗೆ ಬಹುಮಾನ ಕೊಡುವದು ಅದರ ಮುಖ್ಯ ಕೆಲಸವಾಯಿತು. ೧೮೯೬ರಲ್ಲಿ ಸಂಘವು 'ವಾಗ್ಭೂಷಣ'ವೆಂಬ ಪತ್ರಿಕೆಯನ್ನೂ ಹೊರಡಿಸಿತು.

ವೆಂಕಟೇಶರು ಮುಲ್ಕಿ ಪರೀಕ್ಷೆ ಮುಗಿಸಿ ಧಾರವಾಡದ ಟ್ರೇನಿಂಗ್ ಕಾಲೇಜಿನಲ್ಲಿ ಕಲಿತು ಕನ್ನಡ ಶಾಲೆಯ ಮಾಸ್ತರರಾದರು. ಅಂದಿನ ಮಾಸ್ತರನ ಪಗಾರ ಬಹಳವೇನೂ ಅಲ್ಲ. ಆದರೂ ಅದು ಸರಕಾರದ ಕೆಲಸ, ತಿಂಗಳಿಗೊಮ್ಮೆ ತಪ್ಪದೆ ಕೈಗೆ ಬರುವ ಹಣ. ಊರಲ್ಲಿ ಮರ್ಯಾದೆಯೂ ಇತ್ತು. ಹಗಲೆಲ್ಲ ಮಕ್ಕಳಿಗೆ ಪಾಠ ಹೇಳಿ, ಉಳಿದ ವೇಳೆಯಲ್ಲಿ ಅವರು ಬರೆಯತೊಡಗಿದರು. ೧೮೯೮ರ ಸುಮಾರಿಗೆ 'ಪ್ರಬುದ್ಧ ಪದ್ಮನಯನೆ' ಎಂಬ ಕಾದಂಬರಿ ಸಿದ್ಧವಾಗಿ ವಿದ್ಯಾವರ್ಧಕ ಸಂಘದ ಬಹುಮಾನ ಪಡೆಯಿತು. ಗುಲ್ವಾಡಿ ವೆಂಕಟರಾಯರ 'ಇಂದಿರಾಬಾಯಿ' ಮಂಗಳೂರಿನಲ್ಲಿ ಬೆಳಕು ಕಂಡದ್ದು ೧೮೯೯ರಲ್ಲಿ. ಮೈಸೂರು ಸೀಮೆಯಲ್ಲಿ ಬಿ. ವೆಂಕಟಾಚಾರ್ಯರು ಬಂಗಾಲಿಯಿಂದ ಬಂಕಿಮಚಂದ್ರರ ಕಾದಂಬರಿಗಳನ್ನು ತಂದುಕೊಡುತ್ತಿದ್ದರು. ಒಬ್ಬರಿಗೊಬ್ಬರು ದೂರವಿದ್ದ ಮೂರು ಸೀಮೆಗಳಲ್ಲಿ ಹೆಚ್ಚು ಕಡಿಮೆ ಒಂದೇ ಕಾಲಕ್ಕೆ ಕನ್ನಡ ಕಾದಂಬರಿ ಕಣ್ಣು ಬಿಟ್ಟಿತೆನ್ನಬೇಕು.

ಬಹುಮಾನವೇನೋ ಬಂತು. ಆದರೆ ಒಂದು ಬಹುಮಾನದಿಂದ ಇನ್ನೊಂದು ಪುಸ್ತಕ ಅಚ್ಚಾಗುವದಿಲ್ಲ. ಕಾಗದ ಕೊಳ್ಳಬೇಕು, ಮೊಳೆ ಜೋಡಿಸುವವನಿಗೆ ಕೊಡಬೇಕು, ಛಾಪಖಾನೆಗೆ, ಹೊಲಿದು ರಟ್ಟು ಕಟ್ಟುವವನಿಗೆ, ಅಂಚೆಗೆ ಕೊಡಬೇಕು. ಇವೆಲ್ಲಕ್ಕೂ ರೊಕ್ಕ ಮೊದಲೇ ಬೇಕು. ಪುಸ್ತಕ ಮಾರಿದ ರೊಕ್ಕ ಬರುವದು ಕೊನೆಗೆ, ಅದೂ ಬಂದರೆ ಬಂತು. ಕೈಬರಹವನ್ನು ಕೊಂಡು, ತಾನೇ ಅಚ್ಚು ಮಾಡಿಸಿ, ಲೇಖಕನಿಗೆ ಸಂಭಾವನೆ ಕೊಡುವ ದೊಡ್ಡ ಪ್ರಕಾಶಕರು ಆ ದಿನಗಳ ಉತ್ತರ ಕರ್ನಾಟಕದಲ್ಲಿ ಎಲ್ಲಿದ್ದರು? ಬರೆಯುವವನು ಸಾಹುಕಾರನಾಗಿರಬೇಕು, ಇಲ್ಲವೆ ಓದುಗರನ್ನು ಮೊದಲೇ ಕಟ್ಟಿಕೊಂಡಿರಬೇಕು. ಗಳಗನಾಥರು ಸಾಹುಕಾರರಾಗಿರಲಿಲ್ಲ. ಎರಡನೆಯ ದಾರಿಯನ್ನೇ ಹಿಡಿದರು, ಮಾಸ್ತರಿಕೆಯನ್ನು ಬಿಟ್ಟು ಹಿಡಿದರು. ಪಗಾರದ ಬೆಲೆ ಏನೆಂಬುದನ್ನು ಅದೇ ವೃತ್ತಿಯಲ್ಲಿರುವ ನಾವು ಚೆನ್ನಾಗಿ ಬಲ್ಲೆವು. ಮನೆಮಂದಿಯ ಹೊಟ್ಟೆಯನ್ನು ಓದುಗರ ಮನಸ್ಸಿನ ಮೇಲೆ ಬಿಡುವದೆಂದರೆ ಹುಡುಗಾಟವಲ್ಲ. ನಮಗಾದರೋ ಅಷ್ಟು ಧೈರ್ಯ ಆಗಲಿಕ್ಕಿಲ್ಲ.

ಅವರಿಗೆ ಆಸರೆ ದೊರೆತದ್ದು ಹಾವೇರಿಗೆ ಸಮೀಪದ ಅಗಡಿಯಲ್ಲಿ. ಅಲ್ಲಿಯ ಆನಂದವನದ ಶೇಷಾಚಲ ಸದ್ಗುರುಗಳ ಆಶೀರ್ವಾದದಿಂದ ೧೯೦೭ರಲ್ಲಿ 'ಸದ್ಬೋಧ ಚಂದ್ರಿಕೆ' ಮಾಸಪತ್ರಿಕೆ ಆರಂಭವಾಯಿತು. ಗಳಗನಾಥರಿಗೆ ಆಗ ಮೂವತ್ತೆಂಟು ವರುಷ. ಹೆಸರೇ ಹೇಳುವಂತೆ ಪತ್ರಿಕೆಯ ಉದ್ದೇಶ ಒಳ್ಳೆಯ ಬೋಧೆ: ಧರ್ಮ, ನೀತಿ, ಸಂಸಾರದ ನಡೆ. ಆದರೆ ಬರಿಯ ಬೋಧೆಗೆ ಜನ ವರ್ಗಣಿ ತೆರುವರೇ? ಗಳಗನಾಥರು ಜನರ ಮನಸ್ಸು ಅರಿತವರು. ಬೋಧೆಯ ಜೊತೆಗೆ ಕಾದಂಬರಿಯನ್ನು ಕೊಟ್ಟರು. ಕಾದಂಬರಿ ತಿಂಗಳು ತಿಂಗಳು ಕಂತಾಗಿ ಬರುವಾಗ ನಾಯಕಿ ವೈರಿಯ ಕೈಗೆ ಸಿಕ್ಕಲ್ಲಿಯೇ ಕಥೆ ನಿಂತರೆ, ಮುಂದಿನ ಸಂಚಿಕೆಗಾಗಿ ಮನೆಮಂದಿಯೆಲ್ಲ ಅಂಚೆಯವನ ದಾರಿ ಕಾಯುವದು ಸಹಜ.

ವರ್ಗಣಿಯ ವ್ಯವಹಾರ ಹೀಗೆ: ಓದುವವರು ಇಡೀ ವರುಷದ ಹಣವನ್ನು ಮುಂಗಡವಾಗಿ ಕಳಿಸುವರು, ಆ ಹಣದಿಂದಲೇ ಕಾಗದ ಕೊಂಡು ಪತ್ರಿಕೆ ಅಚ್ಚಾಗುವದು. ಬಂಡವಾಳ ಹಾಕಿದವರು ಓದುಗರೇ. ಹೀಗಾಗಿ ನೂರು ಜನ ವರ್ಗಣಿ ನಿಲ್ಲಿಸಿದರೆ ಲೇಖಕನ ಒಲೆಗೇ ಪೆಟ್ಟು. ಆದರೂ ಈ ಪದ್ಧತಿಯಿಂದ ಒಂದು ದೊಡ್ಡ ಕೆಲಸವಾಯಿತು. ಅಂಗಡಿಗೆ ಹೋಗಿ ಪುಸ್ತಕ ಕೊಳ್ಳುವ ರೂಢಿಯೇ ಇಲ್ಲದ ಹಳ್ಳಿಗಳಿಗೆ ಕನ್ನಡ ಪುಸ್ತಕ ತಾನಾಗಿ ನಡೆದುಹೋಯಿತು. ಶಾನುಭೋಗರು, ಗೌಡರು, ಮಾಸ್ತರರು ತರಿಸಿಕೊಂಡ ಸಂಚಿಕೆಯನ್ನು ಒಬ್ಬರು ಗಟ್ಟಿಯಾಗಿ ಓದಿದರೆ ಕೇಳುವವರು ಹತ್ತು ಮಂದಿ. ಕೇಳಲು ಕುಳಿತ ಹೆಣ್ಣುಮಕ್ಕಳಲ್ಲಿ ಎಷ್ಟೋ ಜನರಿಗೆ ಅಕ್ಷರದ ಹಂಬಲ ಹುಟ್ಟಿದ್ದು ಕಥೆಯಿಂದಲೇ ಇರಬೇಕೆಂದು ನಮ್ಮ ಎಣಿಕೆ.

ಇನ್ನು ಅವರ ಕಾದಂಬರಿಗಳ ಮಾತು. ನಮ್ಮ ವಿದ್ಯಾರ್ಥಿಗಳು ಎರಡು ಭಾಷೆ ಓದುವವರಾದ್ದರಿಂದ ಈ ವಿಷಯದಲ್ಲಿ ಅವರಿಗೆ ಬೇರೆಯವರಿಗಿಂತ ಹೆಚ್ಚಿನ ಅನುಕೂಲವಿದೆ. ಮರಾಠಿಯ ಹರಿ ನಾರಾಯಣ ಆಪಟೆಯವರು (೧೮೬೪-೧೯೧೯) ಪುಣೆಯಲ್ಲಿ ೧೮೯೦ರಿಂದ 'ಕರಮಣೂಕ' ಎಂಬ ಪತ್ರಿಕೆ ನಡೆಸಿ ಅದರಲ್ಲಿ ಕಾದಂಬರಿಗಳನ್ನು ಕಂತು ಕಂತಾಗಿ ಕೊಡುತ್ತಿದ್ದರು. ಗಳಗನಾಥರಿಗೆ ಅವರ ಬರವಣಿಗೆ ಬಹಳ ಹಿಡಿಸಿತು. ಆಪಟೆಯವರ 'ವಜ್ರಾಘಾತ'ವನ್ನೇ ಅವರು 'ಕನ್ನಡಿಗರ ಕರ್ಮಕಥೆ'ಯಾಗಿ ಮಾಡಿದರು. ೧೫೬೫ರ ಯುದ್ಧದಲ್ಲಿ ರಾಮರಾಜನು ಬಿದ್ದು ವಿಜಯನಗರ ಹಾಳಾದ ಕಥೆ ಅದು. ಯೌವನದಲ್ಲಿ ಮೆಹರ್ಜಾನಳೊಡನೆ ನಡೆದ ರಾಮರಾಜನ ಪ್ರೇಮವೂ ಆಕೆಯ ಮಗ ರಣಮಸ್ತಖಾನನ ಹಗೆಯೂ ಸೇರಿ ಒಂದು ಸಾಮ್ರಾಜ್ಯವನ್ನು ಮುಳುಗಿಸುವ ಹಾಗೆ ಕಥೆಯನ್ನು ಹೆಣೆದಿದೆ. ಇದು ಕಾದಂಬರಿಕಾರರ ಕಲ್ಪನೆಯೆಂಬುದನ್ನು ಇತಿಹಾಸದ ಪರೀಕ್ಷೆಯಲ್ಲಿ ಮರೆಯಬಾರದು! ಆದರೆ ಹೆಸರಿನ ಬದಲಾವಣೆಯನ್ನು ನೋಡಿರಿ. ಮರಾಠಿಯ ಹೆಸರು ಸಿಡಿಲಿನ ಪೆಟ್ಟನ್ನು ಹೇಳುತ್ತದೆ. ಮೇಲಿನಿಂದ ಬೀಳುವ ಸಿಡಿಲಿಗೆ ಯಾರೇನು ಮಾಡಲಾದೀತು? ಗಳಗನಾಥರು ಇಟ್ಟ ಹೆಸರು ಕನ್ನಡಿಗರ ಕಡೆಗೇ ಬೊಟ್ಟು ಮಾಡುತ್ತದೆ. ಕರ್ಮವೆಂದರೆ ಮಾಡಿದ್ದು, ಮಾಡಿದ್ದರ ಫಲ. ನಮ್ಮ ಅಭಿಪ್ರಾಯದಲ್ಲಿ ಈ ಒಂದು ಹೆಸರಿನಿಂದಲೇ ಅನುವಾದ ಅವರ ಸ್ವಂತದ್ದಾಯಿತು. ರಾಜ್ಯವಿಲ್ಲದೆ ಹಂಚಿಹೋಗಿದ್ದ ಆ ಕಾಲದ ಕನ್ನಡಿಗರಿಗೆ ಹಂಪೆಯ ನೆನಪು ಮನಮುಟ್ಟಿದ್ದು ಇಂಥ ಪುಸ್ತಕಗಳಿಂದ.

ಅನುವಾದಕರೆಂದು ಅವರನ್ನು ಬದಿಗೆ ಸರಿಸುವವರು 'ಮಾಧವ ಕರುಣಾ ವಿಲಾಸ'ವನ್ನು ಓದಬೇಕು. ೧೯೨೩ರಲ್ಲಿ, ತಮ್ಮ ಐವತ್ತನಾಲ್ಕನೆಯ ವಯಸ್ಸಿನಲ್ಲಿ ಅವರು ಹೊರತಂದ ಈ ಸ್ವತಂತ್ರ ಕಾದಂಬರಿ ವಿದ್ಯಾರಣ್ಯರನ್ನೂ ವಿಜಯನಗರದ ಸ್ಥಾಪನೆಯನ್ನೂ ಕುರಿತದ್ದು. ಒಂದರಲ್ಲಿ ಸಾಮ್ರಾಜ್ಯದ ಹುಟ್ಟು, ಇನ್ನೊಂದರಲ್ಲಿ ಅದರ ಸಾವು. 'ಕುಮುದಿನಿ', 'ಕಮಲಕುಮಾರಿ', 'ಮೃಣಾಲಿನಿ', 'ಗೃಹಕಲಹ' ಮುಂತಾದವು ಬೇರೆ. ಎಲ್ಲವನ್ನೂ ಇಲ್ಲಿ ಎಣಿಸುತ್ತ ಕೂಡುವದಿಲ್ಲ. 'ನಿಬಂಧ ಶಿಕ್ಷಣ'ವೆಂದು ನಿಬಂಧ ಬರೆಯುವ ಕ್ರಮವನ್ನು ಕಲಿಸುವ ಪುಸ್ತಕವನ್ನೂ ಅವರು ಬರೆದರು. ಮಾಸ್ತರಿಕೆ ಬಿಟ್ಟರೂ ಮಾಸ್ತರತನ ಅವರನ್ನು ಬಿಡಲಿಲ್ಲವೆಂಬುದಕ್ಕೆ ಬೇರೆ ಸಾಕ್ಷಿ ಬೇಡ.

ದೋಷಗಳಿಲ್ಲವೇ? ಇವೆ. ಕಥೆ ಓಡುತ್ತಿರುವಾಗ ನಡುವೆ ನಿಲ್ಲಿಸಿ ಉಪದೇಶಕ್ಕೆ ತೊಡಗುವದು ಅವರ ಚಾಳಿ. ಸಂಸ್ಕೃತ ಸಮಾಸಗಳು ಕೆಲವೆಡೆ ದಾರಿ ಕಟ್ಟುತ್ತವೆ. ಹೆಣ್ಣಿನ ವಿಷಯದಲ್ಲಿ ಅವರ ವಿಚಾರ ತೀರ ಹಳೆಯದು. ಪಾತಿವ್ರತ್ಯವೊಂದೇ ಸ್ತ್ರೀಯ ಸರ್ವಸ್ವವೆಂಬ ಮಾತನ್ನು ಇಂದಿನ ನಮ್ಮ ವಿದ್ಯಾರ್ಥಿನಿಯರು ಒಪ್ಪುವದಿಲ್ಲ, ಒಪ್ಪಬೇಕಾಗಿಯೂ ಇಲ್ಲ. ಗುಲ್ವಾಡಿಯವರ ಇಂದಿರಾಬಾಯಿ ವಿಧವೆಯಾಗಿಯೂ ವಿದ್ಯೆ ಕಲಿತು ಮತ್ತೆ ಮದುವೆಯಾಗುತ್ತಾಳೆ. ಗಳಗನಾಥರ ಲೋಕದಲ್ಲಿ ಅಂಥ ಕಿಟಕಿ ತೆರೆದಿಲ್ಲ. ಆದರೆ ಓದುಗನನ್ನು ಪುಟದಿಂದ ಪುಟಕ್ಕೆ ಎಳೆದುಕೊಂಡು ಹೋಗುವ ಶಕ್ತಿ ಅವರಿಗಿತ್ತು. ಆ ಶಕ್ತಿಯಿಲ್ಲದೆ ವರ್ಗಣಿ ಬರುತ್ತಿರಲಿಲ್ಲ.

ವರ್ಗಣಿ ಬಂದಷ್ಟು ಬಂತು. ಮುಂದೆ ಗಳಗನಾಥರು ಹಾವೇರಿಯಲ್ಲಿ ನೆಲೆಸಿ 'ಸದ್ಗುರು' ಎಂಬ ಪತ್ರಿಕೆ ನಡೆಸಿದರು. ಕಾದಂಬರಿಗಳನ್ನು ಪುಸ್ತಕವಾಗಿಯೂ ತಾವೇ ಪ್ರಕಟಿಸಿದರು. ಅಚ್ಚಾದ ಪುಸ್ತಕ ಮನೆಯಲ್ಲಿ ಕುಳಿತರೆ ಗೆದ್ದಲಿನ ಪಾಲು. ಆಗ ಅವರು ಮಾಡಿದ ಕೆಲಸವನ್ನು ಕನ್ನಡ ನಾಡು ಇಂದಿಗೂ ನೆನೆಯುತ್ತದೆ. ಪುಸ್ತಕಗಳನ್ನು ಗಂಟು ಕಟ್ಟಿ ತಲೆಯ ಮೇಲೆ ಹೊತ್ತು ಊರೂರು ತಿರುಗಿ ಮಾರಿದರು. ಬರೆದವರು ಅವರೇ, ಅಚ್ಚು ಹಾಕಿಸಿದವರು ಅವರೇ, ಹೊತ್ತವರೂ ಅವರೇ. ಕಾದಂಬರಿ ಪಿತಾಮಹರೆಂದು ಮುಂದೆ ಹೆಸರಾದ ವ್ಯಕ್ತಿ, ವಯಸ್ಸಾದ ಮೇಲೆ, ಬಿಸಿಲಲ್ಲಿ ಮನೆಮನೆಯ ಕಟ್ಟೆಗೆ ಹೋಗಿ ಗಂಟು ಇಳಿಸಿ ಪುಸ್ತಕ ತೋರಿಸುತ್ತಿದ್ದರು. ಕೊಂಡವರೂ ಇದ್ದರು, ಬೇಡವೆಂದವರೂ ಇದ್ದರು. ಇದನ್ನು ತ್ಯಾಗವೆಂದು ಹೊಗಳುವದು ಸುಲಭ. ಆದರೆ ಅಂಥ ಲೇಖಕನ ತಲೆಯ ಮೇಲೆ ಗಂಟು ಬರುವಂತೆ ಮಾಡಿದ್ದು ಯಾರು ಎಂಬ ಪ್ರಶ್ನೆಯನ್ನು ಕನ್ನಡಿಗರು ಅಷ್ಟಾಗಿ ಕೇಳಿಕೊಂಡಂತಿಲ್ಲ. ಅವರು ಬೇಡಿದ್ದು ದಾನವಲ್ಲ, ಪುಸ್ತಕದ ಬೆಲೆ ಮಾತ್ರ.

ಗಡಿಯಾಚೆಯ ಕನ್ನಡಿಗರಾದ ನಮಗೆ ಈ ಗಂಟಿನ ಮಾತು ಬೇಗ ತಿಳಿಯುತ್ತದೆ. ನಮ್ಮ ಪೇಟೆಯಲ್ಲಿ ಕನ್ನಡ ಕಾದಂಬರಿ ಕೇಳಿದರೆ ಅಂಗಡಿಯವನು ಮರಾಠಿಯದನ್ನು ಮುಂದಿಡುತ್ತಾನೆ. ಬೇಕಾದ ಪುಸ್ತಕಕ್ಕೆ ವಿಜಯಪುರಕ್ಕೋ ಕಲಬುರ್ಗಿಗೋ ಹೋಗುವವರ ಕೈಯಲ್ಲಿ ಚೀಟಿ ಕೊಟ್ಟು ಕಳಿಸುವದು ನಮ್ಮ ವಾಡಿಕೆ. ಎಷ್ಟೋ ಸಲ ಚೀಟಿ ಹಾಗೆಯೇ ತಿರುಗಿ ಬರುತ್ತದೆ.

ಕೊನೆಯ ದಿನಗಳವರೆಗೂ ಗಳಗನಾಥರ ಬಡತನ ಹಿಂಗಲಿಲ್ಲ. ೧೯೪೨ನೆಯ ಇಸವಿ ಏಪ್ರಿಲ್ ೨೨ರಂದು, ಎಪ್ಪತ್ತಮೂರನೆಯ ವಯಸ್ಸಿನಲ್ಲಿ ಅವರು ತೀರಿಕೊಂಡರು. ಕನ್ನಡ ಸೀಮೆಗಳು ಒಂದು ರಾಜ್ಯವಾಗಿ ಕೂಡಿದ್ದು ಅದಕ್ಕೆ ಹದಿನಾಲ್ಕು ವರುಷಗಳ ನಂತರ. ಅದನ್ನು ಅವರು ಕಾಣಲಿಲ್ಲ. ಬಹಳ ಕಾಲದ ಮೇಲೆ ಕರ್ನಾಟಕ ಸರಕಾರವು ಅವರ ಹೆಸರನ್ನೂ ಸಂಶೋಧಕ ನಾ. ಶ್ರೀ. ರಾಜಪುರೋಹಿತರ ಹೆಸರನ್ನೂ ಕೂಡಿಸಿ ಹಾವೇರಿಯಲ್ಲಿ ಒಂದು ಪ್ರತಿಷ್ಠಾನವನ್ನು ಸ್ಥಾಪಿಸಿತು.

ನಮ್ಮ ಶಾಲೆಯ ಗ್ರಂಥಾಲಯದ ಎರಡನೆಯ ಕಪಾಟಿನಲ್ಲಿ 'ಮಾಧವ ಕರುಣಾ ವಿಲಾಸ'ದ ಒಂದು ಪ್ರತಿಯೂ 'ಕನ್ನಡಿಗರ ಕರ್ಮಕಥೆ'ಯ ಎರಡು ಪ್ರತಿಗಳೂ ಇವೆ. ಎಂಟನೆಯ ಇಯತ್ತೆಯವರಿಗೆ ಮೊದಲಿನ ಹತ್ತು ಪುಟ ತುಸು ಕಠಿಣವಾದೀತು. ಅಲ್ಲಿಂದ ಮುಂದೆ ಪುಸ್ತಕವೇ ಕೈಹಿಡಿದು ಒಯ್ಯುತ್ತದೆ. ಶನಿವಾರ ಮಧ್ಯಾಹ್ನ ಶಾಲೆ ಬಿಟ್ಟ ನಂತರ ಬಂದು, ಹೆಸರು ಬರೆಯಿಸಿ ಒಯ್ಯಬಹುದು.