ಹೆನ್ರಿ ಫೋರ್ಡ್: ಮುಂದೆ ಓಡಿದವನ ಕಥೆ

ವಿದ್ಯುತ್ ಕಾರುಗಳ ತಯಾರಿಕೆಯಲ್ಲಿ ಅಮೆರಿಕದ ಟೆಸ್ಲಾ ಸಂಸ್ಥೆಗಿಂತ ಉಳಿದವರು ಎಷ್ಟು ವರ್ಷ ಹಿಂದಿದ್ದಾರೆಂಬ ಲೆಕ್ಕಾಚಾರ ಬಹುಕಾಲ ನಡೆಯಿತು. ಆ ಲೆಕ್ಕವನ್ನು ಓದಿದಾಗಲೆಲ್ಲ ನನ್ನ ಮನಸ್ಸಿಗೆ ಬರುವುದು, ಒಂದು ಕಾಲದಲ್ಲಿ ಇಡೀ ಮೋಟಾರು ಪ್ರಪಂಚವನ್ನೇ ಹಿಂದಿಕ್ಕಿದ್ದ ಹೆನ್ರಿ ಫೋರ್ಡನ ಜೀವನ. ವಾಚಕ ಮಿತ್ರರ ಮುಂದೆ ಅದನ್ನು ಸಂಕ್ಷೇಪವಾಗಿ ಇಡಬಯಸುತ್ತೇನೆ.

ಫೋರ್ಡನು 1863ರ ಜುಲೈ 30ರಂದು ಮಿಷಿಗನ್ ಪ್ರಾಂತದ ರೈತ ಕುಟುಂಬವೊಂದರಲ್ಲಿ ಜನಿಸಿದನು. ಬೇಸಾಯಕ್ಕಿಂತ ಯಂತ್ರಗಳಲ್ಲಿಯೇ ಆತನಿಗೆ ಆಸಕ್ತಿ. 1891ರಲ್ಲಿ ಡೆಟ್ರಾಯಿಟ್ ನಗರಕ್ಕೆ ವಿದ್ಯುತ್ತನ್ನೊದಗಿಸುತ್ತಿದ್ದ ಎಡಿಸನ್ ಕಂಪೆನಿಯಲ್ಲಿ ಇಂಜಿನಿಯರಾಗಿ ಸೇರಿ, ಬಿಡುವಿನ ವೇಳೆಯಲ್ಲಿ ದುಡಿದು 1896ರಲ್ಲಿ ತನ್ನ ಮೊದಲ ಪೆಟ್ರೋಲ್ ಗಾಡಿಯನ್ನು ಓಡಿಸಿದನು. ಅದೇ ವರ್ಷ ಆತನಿಗೆ ಬೆನ್ನುತಟ್ಟಿ ಪ್ರೋತ್ಸಾಹ ನೀಡಿದವನು ವಿದ್ಯುತ್ತಿನ ಮಾಂತ್ರಿಕನೆನಿಸಿದ ಎಡಿಸನ್ನನೇ ಎಂಬುದು ಸ್ವಾರಸ್ಯಕರ.

ಆಗ ಉಗಿ, ವಿದ್ಯುತ್ತು, ಪೆಟ್ರೋಲು ಈ ಮೂರು ಬಗೆಯ ಗಾಡಿಗಳಿಗೂ ಪೈಪೋಟಿಯಿತ್ತು. ವಿದ್ಯುತ್ ಗಾಡಿಗೆ ಸದ್ದಿಲ್ಲ, ಹೊಗೆಯಿಲ್ಲ, ಕೈಯಿಂದ ಹಿಡಿಕೆ ತಿರುಗಿಸುವ ಕಷ್ಟವಿಲ್ಲ. ಫೋರ್ಡನ ಪತ್ನಿ ಕ್ಲಾರಾ ಕೂಡ ಅದನ್ನೇ ಓಡಿಸುತ್ತಿದ್ದಳು. ಆದರೆ ಬ್ಯಾಟರಿ ಭಾರ, ಬೆಲೆ ಹೆಚ್ಚು, ಹೋಗುವ ದೂರ ಅಲ್ಪ. 1914ರ ಸುಮಾರಿಗೆ ಫೋರ್ಡನೂ ಎಡಿಸನ್ನನೂ ಕೂಡಿ ಅಗ್ಗದ ವಿದ್ಯುತ್ ಕಾರಿಗಾಗಿ ನಡೆಸಿದ ಪ್ರಯತ್ನ ಮಾರುಕಟ್ಟೆಯನ್ನು ಮುಟ್ಟಲಿಲ್ಲ.

ಇತ್ತ 1908ರಲ್ಲಿ ಹೊರಬಂದಿದ್ದ ‘ಮಾಡೆಲ್ ಟಿ’ ಪೆಟ್ರೋಲ್ ಕಾರು ದೇಶವನ್ನೇ ಗೆದ್ದಿತು. 1913ರಲ್ಲಿ ಫೋರ್ಡನು ಚಲಿಸುವ ಜೋಡಣಾ ಸಾಲನ್ನು ಆರಂಭಿಸಿದನು. ಕೆಲಸಗಾರನು ನಿಂತಲ್ಲಿಯೇ ನಿಲ್ಲುವನು, ಗಾಡಿ ಅವನ ಬಳಿಗೆ ಬರುವುದು. ಹನ್ನೆರಡೂವರೆ ಗಂಟೆ ಹಿಡಿಯುತ್ತಿದ್ದ ಜೋಡಣೆ ಸುಮಾರು ಒಂದೂವರೆ ಗಂಟೆಗೆ ಇಳಿಯಿತು. 850 ಡಾಲರಿನ ಬೆಲೆ ಕ್ರಮೇಣ 300ಕ್ಕಿಂತ ಕೆಳಗಿಳಿಯಿತು. 1914ರಲ್ಲಿ ದಿನಕ್ಕೆ 5 ಡಾಲರ್ ಕೂಲಿಯನ್ನೂ ಘೋಷಿಸಿದನು. 1920ರ ದಶಕದ ಆರಂಭಕ್ಕೆ ಅಮೆರಿಕದಲ್ಲಿ ತಯಾರಾಗುತ್ತಿದ್ದ ಕಾರುಗಳಲ್ಲಿ ಸುಮಾರು ಅರ್ಧದಷ್ಟು ಫೋರ್ಡನವೇ.

ಅಗ್ಗದ ಕಾರನ್ನು ಮಾಡುವುದರಲ್ಲಿ ಆತನನ್ನು ಮೀರಿಸುವವರು ಯಾರೂ ಇರಲಿಲ್ಲ. ಆದರೆ ಪ್ರತಿಸ್ಪರ್ಧಿಯಾದ ಜನರಲ್ ಮೋಟಾರ್ಸ್ ಸಂಸ್ಥೆ ಆ ದಾರಿಯಲ್ಲಿ ಬರಲೇ ಇಲ್ಲ. ಅದರ ಮುಖ್ಯಸ್ಥ ಆಲ್ಫ್ರೆಡ್ ಸ್ಲೋನನು ಕಂತಿನ ಸಾಲ, ಬಗೆಬಗೆಯ ಬಣ್ಣ, ಹೊಸ ಹೊಸ ಮಾದರಿ ಇವುಗಳಿಂದ ಗಿರಾಕಿಗಳನ್ನು ಸೆಳೆದನು. ಫೋರ್ಡನ ಮಗ ಎಡ್ಸೆಲ್ ಬದಲಾವಣೆ ಬೇಕೆಂದು ಒತ್ತಾಯಿಸಿದರೂ ತಂದೆ ಬಹುಕಾಲ ಕಿವಿಗೊಡಲಿಲ್ಲ. ಕೊನೆಗೆ 1927ರಲ್ಲಿ, ಒಂದೂವರೆ ಕೋಟಿ ಕಾರುಗಳಾದ ಮೇಲೆ, ‘ಮಾಡೆಲ್ ಟಿ’ಯನ್ನು ನಿಲ್ಲಿಸಬೇಕಾಯಿತು. ಹೊಸ ಮಾದರಿ ಸಿದ್ಧವಾಗುವವರೆಗೆ ತಿಂಗಳುಗಟ್ಟಲೆ ತಯಾರಿಕೆ ನಿಂತು, ಸಹಸ್ರಾರು ಕಾರ್ಮಿಕರು ಕೆಲಸ ಕಳೆದುಕೊಂಡರು. ಒಬ್ಬನ ಹಠಕ್ಕೆ ಬೆಲೆ ತೆತ್ತವರು ಅವರು.

ಫೋರ್ಡನನ್ನು ಕೇವಲ ಹೊಗಳುವುದು ನ್ಯಾಯವಲ್ಲ. ಆತನ ಪತ್ರಿಕೆ ಯೆಹೂದ್ಯರ ಮೇಲೆ ದ್ವೇಷವನ್ನು ಕಾರಿತು; ಕಾರ್ಮಿಕ ಸಂಘಗಳನ್ನು ಆತ ಬಲಪ್ರಯೋಗದಿಂದ ತಡೆದನು. 1947ರ ಏಪ್ರಿಲ್ 7ರ ರಾತ್ರಿ ಆತ ತೀರಿಕೊಂಡಾಗ ನದಿಯ ಪ್ರವಾಹದಿಂದ ಮನೆಯ ವಿದ್ಯುತ್ತು ನಿಂತಿತ್ತು. ಉರಿಯುತ್ತಿದ್ದುದು ಮೇಣದ ಬತ್ತಿ, ಎಣ್ಣೆಯ ದೀಪ.

ಹಿಂದಿದ್ದವರು ಮುಂದಿದ್ದವನ ಹೆಜ್ಜೆಯ ಮೇಲೆಯೇ ಹೆಜ್ಜೆಯಿಟ್ಟು ಬರುವರೆಂದು ಎಣಿಸುವುದೇ ಅಂತರದ ಲೆಕ್ಕದಲ್ಲಿರುವ ದೋಷವೆಂದು ನನ್ನ ನಂಬಿಕೆ. 1995ರಲ್ಲಿ ಬ್ಯಾಟರಿ ತಯಾರಿಸುತ್ತ ಹುಟ್ಟಿದ ಚೀನಾದ ಬಿವೈಡಿ ಸಂಸ್ಥೆ 2025ರಲ್ಲಿ ವಿದ್ಯುತ್ ಕಾರುಗಳ ಮಾರಾಟದಲ್ಲಿ ಟೆಸ್ಲಾವನ್ನು ಹಿಂದಿಕ್ಕಿತು. ಎಡಿಸನ್ನನನ್ನೂ ಫೋರ್ಡನನ್ನೂ ತಡೆದಿದ್ದ ಬ್ಯಾಟರಿಯೇ ಅದಕ್ಕೆ ಮೆಟ್ಟಿಲಾಯಿತು.