ಕೇಳಿದ ಭಾಷೆ, ಹಾಡಿದ ಭಾಷೆ: ಎರಡನೆಯ ಇಬ್ರಾಹಿಂ ಆದಿಲ್ ಶಾಹ

ಪಾಡ್‌ಕಾಸ್ಟ್ ಕೇಳಿಸಿ ಇಂಗ್ಲಿಷ್ ಕಲಿಸುವ ಪಾಠವನ್ನು ನಾನು ತಿಕೋಟಾ ಮತ್ತು ಬಬಲೇಶ್ವರದ ಪ್ರೌಢಶಾಲೆಗಳಲ್ಲಿ ಅಭ್ಯಾಸ ಬೋಧನೆಗೆ ಆಯ್ದುಕೊಂಡೆ. ಪೀಠಿಕೆಗೆ ನಮ್ಮ ಊರಿನದೇ ಒಂದು ಜೀವನಚರಿತ್ರೆಯನ್ನು ಇಟ್ಟುಕೊಂಡೆ.

1580ರಲ್ಲಿ ವಿಜಯಪುರದ ಸಿಂಹಾಸನ ಏರಿದಾಗ ಎರಡನೆಯ ಇಬ್ರಾಹಿಂಗೆ ಸುಮಾರು 9 ವರ್ಷ. ಆರಂಭದಲ್ಲಿ ಚಾಂದ್ ಬೀಬಿ ಅವನನ್ನು ನೋಡಿಕೊಂಡಳು. ಆಸ್ಥಾನದ ವಿದ್ವಾಂಸರದು ಪರ್ಷಿಯನ್. ಸುತ್ತಲಿನ ಜನರದು ದಖನಿ, ಮರಾಠಿ, ಕನ್ನಡ. ಹುಡುಗನಿಗೆ ಸಂಗೀತದ ಹುಚ್ಚು. ತನ್ನ ತಂಬೂರಿಗೆ ಮೋತಿಖಾನ್ ಎಂದು ಹೆಸರಿಟ್ಟ. 1599ರಲ್ಲಿ ತಿಕೋಟಾ ದಾರಿಯ ತೊರವಿಯ ಬಳಿ ನವರಸಪುರವನ್ನು ಕಟ್ಟಲು ತೊಡಗಿದ. ದಖನಿಯಲ್ಲಿ ರಾಗಕ್ಕೆ ಹೊಂದಿಸಿ ಹಾಡು ಕಟ್ಟಿ ‘ಕಿತಾಬ್-ಎ-ನವರಸ್’ ರಚಿಸಿದ. ಸರಸ್ವತಿ, ಗಣಪತಿ, ಗೇಸುದರಾಜರನ್ನು ಅದರಲ್ಲಿ ನೆನೆದ. ಪರ್ಷಿಯನ್ ಬಲ್ಲವರಿಗೆ ಈ ನಾಡಿನ ನವರಸ ತಿಳಿಯಲೆಂದು ಕವಿ ಜುಹೂರಿ ಅದಕ್ಕೆ ಪರ್ಷಿಯನ್ ಮುನ್ನುಡಿ ಬರೆದ. 1627ರಲ್ಲಿ ತೀರಿಕೊಂಡ ಇಬ್ರಾಹಿಂನ ಸಮಾಧಿ ಇಬ್ರಾಹಿಂ ರೋಜಾದಲ್ಲಿದೆ.

ಭಾಷಾ ಶಿಕ್ಷಕರು ಗಮನಿಸಬೇಕಾದ ಸಂಗತಿ ಬೇರೆಯೇ ಇದೆ. ಅಕ್ಬರನ ಕೊನೆಯ ವರ್ಷಗಳಲ್ಲಿ ಬಂದ ಮೊಘಲ್ ದೂತ ಅಸದ್ ಬೇಗ್ ಕಂಡಂತೆ, ಸುಲ್ತಾನನಿಗೆ ಪರ್ಷಿಯನ್ ಚೆನ್ನಾಗಿ ಅರ್ಥವಾಗುತ್ತಿತ್ತು, ಆದರೆ ಸರಾಗವಾಗಿ ಮಾತನಾಡಲು ಬರುತ್ತಿರಲಿಲ್ಲ. ತನ್ನವರೊಡನೆ ಅವನು ಮರಾಠಿಯಲ್ಲಿ ಮಾತನಾಡುತ್ತಿದ್ದ. ಪರ್ಷಿಯನ್ ಕಿವಿಗೆ ಬಿದ್ದ ಭಾಷೆ. ದಖನಿ, ಮರಾಠಿ ಬಾಯಲ್ಲಿ ಹೊರಳಿದ ಭಾಷೆಗಳು.

ನನ್ನ ತರಗತಿಯಲ್ಲೂ ಇದೇ ಕಂಡಿತು. ತಿಕೋಟಾದಲ್ಲಿ 2 ನಿಮಿಷದ ತುಣುಕು ಕೇಳಿದ ಮಕ್ಕಳು ಪ್ರಶ್ನೆಗಳಿಗೆ ಕನ್ನಡದಲ್ಲಿ ಸರಿಯುತ್ತರ ಕೊಟ್ಟರು. ಇಂಗ್ಲಿಷಿನಲ್ಲಿ ಹೇಳಿ ಎಂದಾಗ ತಲೆ ತಗ್ಗಿಸಿದರು. ಬಬಲೇಶ್ವರದಲ್ಲಿ ಅದೇ ತುಣುಕನ್ನು 3 ಸಲ ಕೇಳಿಸಿದೆ: ಮೊದಲು ಸಾರಾಂಶಕ್ಕೆ, ಆಮೇಲೆ ಪ್ರತಿ ವಾಕ್ಯದ ಬಳಿ ನಿಲ್ಲಿಸಿ, ಧ್ವನಿಯ ಏರಿಳಿತದೊಂದಿಗೆ ಎಲ್ಲರೂ ಮರುನುಡಿಯಲು, ಕೊನೆಗೆ ಕೇಳಿ, ಜೋಡಿಯಾಗಿ ಸ್ವಂತ ಮಾತಿನಲ್ಲಿ ಹೇಳಲು. ಹಿಂದಿನ ಬೆಂಚಿನಲ್ಲಿ ಎಂದೂ ಬಾಯಿ ತೆರೆಯದ ಹುಡುಗಿಯೊಬ್ಬಳು 2 ವಾಕ್ಯ ಹೇಳಿದಳು. ತಪ್ಪಿದ್ದವು, ಆದರೆ ಅವಳದೇ ವಾಕ್ಯಗಳು.

ಸಹಪ್ರಶಿಕ್ಷಣಾರ್ಥಿಗಳಿಗೆ ನನ್ನ ಸಲಹೆ ಇಷ್ಟೆ. ಪಾಠಯೋಜನೆಯಲ್ಲಿ ಕೇಳಿಸಲು ಎಷ್ಟು ನಿಮಿಷ ಇಡುತ್ತೀರೋ, ಅದರ ಎರಡರಷ್ಟನ್ನು ಮಕ್ಕಳ ಬಾಯಿಗೆ ಇಡಿ. ಆಸ್ಥಾನದ ತುಂಬ ಪರ್ಷಿಯನ್ ಪಂಡಿತರಿದ್ದ ಸುಲ್ತಾನನಿಗೂ ಬರೀ ಕೇಳಿದ್ದು ಸಾಲಲಿಲ್ಲ. ವಾರಕ್ಕೆ ಕೆಲವೇ ಅವಧಿ ಇಂಗ್ಲಿಷ್ ಕೇಳುವ ನಮ್ಮ ಮಕ್ಕಳಿಗೆ ಅದು ಸಾಕಾದೀತೆ?